ಗ್ರೂನರ್ ವೆಲ್ಟ್‌ಲೀನರ್: ನಂಜಿಕೊಳ್ಳುವ ವೈನ್

ಗ್ರೂನರ್ ವೆಲ್ಟ್‌ಲೀನರ್ ಆಸ್ಟ್ರಿಯಾದ ಒಂದು ಬಿಳಿ ದ್ರಾಕ್ಷಿ ತಳಿ. ಅದರಿಂದ ತೆಗೆದ ವೈನಿಗೂ ಇದೇ ಹೆಸರು. ಆ ದೇಶದಲ್ಲಿರುವ ಸುಮಾರು 44,000 ಹೆಕ್ಟೇರು ದ್ರಾಕ್ಷಿ ತೋಟಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಈ ಒಂದೇ ತಳಿಯದು. ವೈನಿನ ಬಣ್ಣ ಹಸಿರು ಛಾಯೆಯ ತೆಳು ಹಳದಿ. ದಿನಬಳಕೆಯ ಬಾಟಲಿಯಲ್ಲಿ ಮದ್ಯಸಾರ ಶೇ. 12ರ ಆಸುಪಾಸು ಇರುತ್ತದೆ. ಸಿಹಿ ಇಲ್ಲವೆನ್ನುವಷ್ಟು ಕಡಿಮೆ, ಹುಳಿ ಚುರುಕು, ನುಂಗಿದ ಮೇಲೆ ನಾಲಗೆಯ ಅಂಚಿನಲ್ಲಿ ತುಸು ಒಗರು ಉಳಿಯುತ್ತದೆ. ಮೂಗಿಗೆ ಹಸಿರು ಸೇಬು, ಚಕ್ಕೋತ, ಆಗಷ್ಟೇ ಸುಲಿದ ಬಟಾಣಿ, ಮೂಲಂಗಿಯ ಎಳೆ ಎಲೆ ನೆನಪಾಗುತ್ತವೆ. ಇವೆಲ್ಲದರ ಹಿಂದೆ ಬಿಳಿಮೆಣಸಿನ ಒಂದು ಎಳೆ. ಊಟದ ಜೊತೆ ಇದರಷ್ಟು ಸಲೀಸಾಗಿ ಹೊಂದುವ ಬಿಳಿ ವೈನ್ ಅಪರೂಪವೆಂಬ ಹೆಸರು ಇದಕ್ಕೆ ಕಳೆದ ಮೂರು ದಶಕಗಳಲ್ಲಿ ಬಂದಿದೆ. ಆ ಹೊಂದಾಣಿಕೆಗೆ ಎಲ್ಲರೂ ಹೇಳುವ ಕಾರಣ ಮೆಣಸಿನ ಘಮ. ಈ ಲೇಖನದ ವಾದ ಬೇರೆ. ಮೆಣಸು ಈ ವೈನಿನ ಗುರುತುಚೀಟಿಯೇ ಹೊರತು ಶಕ್ತಿಯಲ್ಲ. ಅದರ ಶಕ್ತಿ ಇರುವುದು ಹುಳಿ, ಒಗರು ಮತ್ತು ಪರಿಮಳದ ಸಂಯಮದಲ್ಲಿ. ಕನ್ನಡದಲ್ಲಿ ಇದನ್ನು ಹೇಳಲು ಒಂದು ಒಳ್ಳೆಯ ಮಾತಿದೆ: ಆಸ್ಟ್ರಿಯಾದ ಊಟದ ಮೇಜಿನಲ್ಲಿ ಗ್ರೂನರ್ ನಂಜಿಕೊಳ್ಳುವ ಪದಾರ್ಥ. ಉಪ್ಪಿನಕಾಯಿ, ನಿಂಬೆಹೋಳು, ಹಸಿ ಕೋಸಂಬರಿ ನಮ್ಮ ಎಲೆಯ ತುದಿಯಲ್ಲಿ ಕುಳಿತು ಮಾಡುವ ಕೆಲಸವನ್ನೇ ಅದು ಅಲ್ಲಿ ಮಾಡುತ್ತದೆ.

ಈ ತಳಿಯ ನೆಲೆ ಆಸ್ಟ್ರಿಯಾದ ಈಶಾನ್ಯ ಮೂಲೆಯ ಕೆಳ ಆಸ್ಟ್ರಿಯಾ ಪ್ರಾಂತ. ಆಲ್ಪ್ಸ್ ಪರ್ವತಗಳ ಚಿತ್ರವನ್ನು ಮನಸ್ಸಿನಿಂದ ತೆಗೆದುಹಾಕಬೇಕು. ಇಲ್ಲಿರುವುದು ಡ್ಯಾನ್ಯೂಬ್ ನದಿಯ ಕಣಿವೆ, ಅದಕ್ಕೆ ಬಂದು ಸೇರುವ ಕ್ರೆಮ್ಸ್, ಕಾಂಪ್, ಟ್ರೈಸೆನ್ ಎಂಬ ಸಣ್ಣ ಹೊಳೆಗಳು, ಉತ್ತರಕ್ಕೆ ಚೆಕ್ ಗಡಿಯವರೆಗೆ ಹಬ್ಬಿದ ವೈನ್‌ಫಿರ್ಟೆಲ್ ಎಂಬ ಅಲೆಅಲೆಯ ಬಯಲು. ಹಗಲಿನಲ್ಲಿ ಪೂರ್ವದ ಹಂಗೆರಿಯ ಬಯಲಿನಿಂದ ಬೆಚ್ಚನೆಯ ಗಾಳಿ ಬರುತ್ತದೆ, ರಾತ್ರಿ ವಾಯವ್ಯದ ಕಾಡುಮಲೆಗಳಿಂದ ತಣ್ಣನೆಯ ಗಾಳಿ ಇಳಿಯುತ್ತದೆ. ಹಗಲಿನ ಬಿಸಿ ಹಣ್ಣನ್ನು ಮಾಗಿಸುತ್ತದೆ, ರಾತ್ರಿಯ ತಂಪು ಹುಳಿ ಕರಗಿಹೋಗದಂತೆ ಕಾಯುತ್ತದೆ. ಗ್ರೂನರ್ ತಡವಾಗಿ ಮಾಗುವ ತಳಿಯಾದ್ದರಿಂದ ಈ ಹಗಲು ರಾತ್ರಿಗಳ ಅಂತರ ಅದಕ್ಕೆ ಬಹಳ ಮುಖ್ಯ. ನೆಲದಲ್ಲಿ ಎರಡು ಬಗೆ ಎದ್ದು ಕಾಣುತ್ತವೆ. ಒಂದು, ಹಿಮಯುಗದಲ್ಲಿ ಗಾಳಿ ಹೊತ್ತು ತಂದು ಸುರಿದ ಲೋಯೆಸ್ ಎಂಬ ಹಳದಿ ಧೂಳಿನ ಮಣ್ಣು. ಇದು ನೀರು ಹಿಡಿದಿಟ್ಟುಕೊಳ್ಳುತ್ತದೆ; ಬಾಯಾರಿಕೆ ಹೆಚ್ಚಿರುವ ಈ ಬಳ್ಳಿಗೆ ಹೇಳಿ ಮಾಡಿಸಿದಂತಿದ್ದು, ವೈನಿಗೆ ಮೈತುಂಬಿದ ಮೃದುತನ ಕೊಡುತ್ತದೆ. ವಾಗ್ರಾಮ್ ಪ್ರದೇಶದ ಲೋಯೆಸ್ ಗೋಡೆಗಳು ಇದಕ್ಕೆ ಹೆಸರುವಾಸಿ. ಇನ್ನೊಂದು, ವಾಖಾವ್ ಕಣಿವೆಯ ಕಡಿದಾದ ಇಳಿಜಾರಿನ ನೈಸ್ ಶಿಲೆ. ಮೆಲ್ಕ್ ಮತ್ತು ಕ್ರೆಮ್ಸ್ ಪಟ್ಟಣಗಳ ನಡುವೆ ಸುಮಾರು 35 ಕಿಲೋಮೀಟರು ಸಾಗುವ ಈ ಕಣಿವೆಯಲ್ಲಿ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಮೆಟ್ಟಿಲು ತೋಟಗಳಿವೆ. 2000ದಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು.

ಹೆಸರಿನಲ್ಲೇ ಒಂದು ತಪ್ಪು ದಾರಿ ಇದೆ. ಗ್ರೂನ್ ಎಂದರೆ ಹಸಿರು. ವೆಲ್ಟ್‌ಲೀನ್ ಎಂಬುದು ಇಂದಿನ ಇಟಲಿಯ ಉತ್ತರದಲ್ಲಿರುವ ವಾಲ್ಟೆಲ್ಲೀನಾ ಕಣಿವೆಯ ಜರ್ಮನ್ ಹೆಸರು. ಆದರೆ ಈ ತಳಿ ಆ ಕಣಿವೆಯಿಂದ ಬಂದದ್ದೆನ್ನಲು ಆಧಾರವಿಲ್ಲ. ಕೆಂಪು ವೆಲ್ಟ್‌ಲೀನರ್ ಎಂಬ ಹೆಸರಿನ ಇನ್ನೊಂದು ತಳಿಗೂ ಇದಕ್ಕೂ ರಕ್ತಸಂಬಂಧವೂ ಇಲ್ಲ. ವಂಶವೃಕ್ಷ ಬಿಡಿಸಿಕೊಂಡದ್ದು ತೀರಾ ಈಚೆಗೆ. ತಾಯಿತಂದೆಗಳಲ್ಲೊಂದು ಯೂರೋಪಿನ ಪುರಾತನ ತಳಿಯಾದ ಟ್ರಾಮಿನರ್ ಎಂಬುದು ಮೊದಲೇ ಗೊತ್ತಾಗಿತ್ತು. ಇನ್ನೊಂದರ ಸುಳಿವು ಸಿಕ್ಕಿದ್ದು 2000ದಲ್ಲಿ, ಐಸೆನ್‌ಷ್ಟಾಟ್ ಬಳಿಯ ಸಾಂಕ್ಟ್ ಗೆಯೋರ್ಗೆನ್ ಊರಿನಲ್ಲಿ ಯಾರ ಲೆಕ್ಕಕ್ಕೂ ಇಲ್ಲದೆ ಉಳಿದುಕೊಂಡಿದ್ದ ಒಂದೇ ಒಂದು ಮುದಿ ಬಳ್ಳಿಯಲ್ಲಿ. ಕ್ಲೋಸ್ಟರ್‌ನಾಯ್‌ಬುರ್ಗ್‌ನ ದ್ರಾಕ್ಷಿ ಸಂಶೋಧನಾ ಕೇಂದ್ರದ ಫರ್ಡಿನಾಂಡ್ ರೆಗ್ನರ್ ನಡೆಸಿದ ಡಿಎನ್ಎ ಪರೀಕ್ಷೆ ಆ ಬಳ್ಳಿಯನ್ನೇ ಎರಡನೆಯ ಜನಕವೆಂದು ತೋರಿಸಿತು. ಹೆಸರಿಲ್ಲದ ಆ ತಳಿಯನ್ನು ಈಗ ಊರಿನ ಹೆಸರಿನಿಂದಲೇ ಕರೆಯುತ್ತಾರೆ. ಊಟದ ವಿಚಾರಕ್ಕೆ ಈ ವಂಶಾವಳಿಯಿಂದ ಸಿಗುವ ಪಾಠ ಸಣ್ಣದಾದರೂ ಖಚಿತವಾದದ್ದು. ಟ್ರಾಮಿನರ್ ವಂಶದ ಕೆಲವು ತಳಿಗಳು ಗುಲಾಬಿ ಅತ್ತರಿನಂತೆ ಘಮಘಮಿಸುತ್ತವೆ, ಗ್ರೂನರಿಗೆ ಆ ಹೂವಿನ ಸೊತ್ತು ಬಂದಿಲ್ಲ. ತಟ್ಟೆಯ ಮೇಲಿನ ಅಡುಗೆಯ ಪರಿಮಳದೊಡನೆ ಅದು ಜಗಳಕ್ಕೆ ನಿಲ್ಲುವುದಿಲ್ಲ.

ಸ್ಥಳೀಯ ಅಡುಗೆಗೆ ಸ್ಥಳೀಯ ವೈನ್ ಹೊಂದುವುದು ಶತಮಾನಗಳ ಒಡನಾಟದಿಂದ ಎಂಬ ಜನಪ್ರಿಯ ಮಾತೊಂದಿದೆ. ಒಂದೇ ನೆಲದಲ್ಲಿ ಬೆಳೆದವು ಒಂದೇ ತಟ್ಟೆಯಲ್ಲಿ ಹೊಂದುತ್ತವೆ ಎಂಬುದು ಅದರ ಸಾರ. ಕೇಳಲು ಸೊಗಸಾಗಿದ್ದರೂ ಗ್ರೂನರ್ ವಿಷಯದಲ್ಲಿ ಇತಿಹಾಸ ಇದಕ್ಕೆ ಸಾಕ್ಷಿ ಹೇಳುವುದಿಲ್ಲ. ವಿಯೆನ್ನಾದ ಷ್ನಿಟ್ಸೆಲ್, ಬೇಯಿಸಿದ ದನದ ಮಾಂಸದ ಟಾಫೆಲ್‌ಷ್ಪಿಟ್ಸ್ ಮುಂತಾದ ಖಾದ್ಯಗಳು 19ನೆಯ ಶತಮಾನದಲ್ಲೇ ನೆಲೆನಿಂತವು. ಗ್ರೂನರ್ ದೇಶದ ಮುಖ್ಯ ತಳಿಯಾದದ್ದು ಎರಡನೆಯ ಮಹಾಯುದ್ಧದ ನಂತರ. ಅದಕ್ಕೆ ಕಾರಣನಾದವನು ಕ್ರೆಮ್ಸ್ ಬಳಿಯ ರೋರೆನ್‌ಡಾರ್ಫ್‌ನ ಬೆಳೆಗಾರ ಲೆಂಟ್ಸ್ ಮೋಸರ್. ಮೊಣಕಾಲೆತ್ತರದ ಗೂಟಗಳಿಗೆ ಒತ್ತೊತ್ತಾಗಿ ಕಟ್ಟುತ್ತಿದ್ದ ಬಳ್ಳಿಗಳನ್ನು ಅವನು ಎದೆಯೆತ್ತರದ ಕಾಂಡಕ್ಕೆ ಏರಿಸಿದ. ಸಾಲುಗಳ ನಡುವೆ ಟ್ರ್ಯಾಕ್ಟರ್ ಓಡಾಡಲು ಮೂರು ಮೀಟರಿನಷ್ಟು ಜಾಗ ಬಿಟ್ಟ. ಆಳುಗಳ ಕೊರತೆಯಿದ್ದ ಯುದ್ಧೋತ್ತರ ಕಾಲದಲ್ಲಿ ಈ ಪದ್ಧತಿ ಬೇಗನೆ ಹಬ್ಬಿತು, ಚೆನ್ನಾಗಿ ಇಳುವರಿ ಕೊಡುವ ಗ್ರೂನರ್ ಅದಕ್ಕೆ ಎಲ್ಲ ತಳಿಗಳಿಗಿಂತ ಚೆನ್ನಾಗಿ ಒಗ್ಗಿತು. ಅದಕ್ಕೂ ಮೊದಲು ವಿಯೆನ್ನಾದವರು ಕುಡಿಯುತ್ತಿದ್ದುದು ಬಹುಮಟ್ಟಿಗೆ ಒಂದೇ ತೋಟದಲ್ಲಿ ಹಲವು ತಳಿಗಳನ್ನು ಕಲಸಿ ನೆಟ್ಟು, ಒಟ್ಟಿಗೇ ಕೊಯ್ದು ಹಿಂಡಿದ ಬೆರಕೆ ವೈನನ್ನು. ಹೀಗಿರುವಾಗ ಅಡುಗೆಗೆ ವೈನ್ ಹೊಂದಿಕೊಂಡಿತೆನ್ನುವುದಕ್ಕಿಂತ, ಆ ಊಟದ ಪದ್ಧತಿ ತನಗೆ ಬೇಕಾದ ಗುಣಗಳ ವೈನನ್ನು ಹುಡುಕುತ್ತಿತ್ತು, ಸಿಕ್ಕಿದಾಗ ಹಿಡಿದುಕೊಂಡಿತು ಎನ್ನುವುದೇ ಸರಿ.

ಆ ಪದ್ಧತಿಯ ಹೆಸರು ಹಾಯ್ರಿಗರ್. 1784ರ ಆಗಸ್ಟ್ 17ರಂದು ಚಕ್ರವರ್ತಿ ಎರಡನೆಯ ಜೋಸೆಫ್ ಒಂದು ಆಜ್ಞೆ ಹೊರಡಿಸಿದ. ಯಾರು ಬೇಕಾದರೂ ತಾವು ಬೆಳೆದ ಆಹಾರವನ್ನೂ ತಾವು ಮಾಡಿದ ವೈನನ್ನೂ ತಮ್ಮ ಮನೆಯಲ್ಲೇ ಮಾರಬಹುದೆಂಬುದು ಅದರ ತಿರುಳು. ದ್ರಾಕ್ಷಿ ಬೆಳೆಗಾರರು ಬಾಗಿಲ ಮೇಲೆ ಪೈನ್ ಸೊಪ್ಪಿನ ಕಟ್ಟು ತೂಗುಹಾಕಿ, ಅಂಗಳದಲ್ಲಿ ಬೆಂಚುಗಳನ್ನಿಟ್ಟು ಆ ವರ್ಷದ ಹೊಸ ವೈನ್ ಬಡಿಸತೊಡಗಿದರು. ಹಾಯ್ರಿಗರ್ ಎಂಬ ಮಾತಿನ ಅರ್ಥವೇ ಈ ವರ್ಷದ್ದು ಎಂದು. ಅಲ್ಲಿನ ತಿನಿಸುಗಳನ್ನು ನೋಡಿ: ಹಂದಿಯ ನೆಣ ಸವರಿದ ರೊಟ್ಟಿ, ಕೆಂಪು ಮೆಣಸಿನ ಪುಡಿ ಬೆರೆಸಿದ ಲಿಪ್ಟಾವರ್ ಎಂಬ ಮೆತು ಚೀಸು, ಹೊಗೆಯಾಡಿಸಿದ ಮಾಂಸ, ಹುರಿದ ಹಂದಿ, ವಿನೆಗರ್ ಹಾಕಿದ ಆಲೂಗಡ್ಡೆ ಸಲಾಡು, ಮೂಲಂಗಿ, ಉಪ್ಪಿನಲ್ಲಿಟ್ಟ ಸೌತೆ. ಜಿಡ್ಡು, ಉಪ್ಪು, ವಿನೆಗರ್, ಹಸಿ ತರಕಾರಿ ಈ ನಾಲ್ಕೂ ಒಟ್ಟಿಗಿರುವ ಊಟ ಅದು. ಅಲ್ಲಿ ವೈನನ್ನು ಯಾರೂ ಮೂಗಿನ ಹತ್ತಿರ ಹಿಡಿದು ಧ್ಯಾನಿಸುವುದಿಲ್ಲ. ಲೀಟರಿನ ಎಂಟನೆಯ ಒಂದು ಪಾಲಿನ ಅಥವಾ ಕಾಲು ಲೀಟರಿನ ಅಳತೆಯಲ್ಲಿ ತರಿಸುತ್ತಾರೆ. ಬೇಸಿಗೆಯಾದರೆ ಸಮಪಾಲು ಸೋಡಾ ಬೆರೆಸುತ್ತಾರೆ. ತುತ್ತು, ಮಾತು, ಗುಟುಕು, ಮತ್ತೆ ತುತ್ತು. ಹೀಗೆ ಊಟದ ಉದ್ದಕ್ಕೂ ಸಣ್ಣಸಣ್ಣದಾಗಿ ಬಾಯಿಗೆ ಬರುವ ವಸ್ತುವಿಗೆ ಎರಡು ಗುಣ ಇರಲೇಬೇಕು: ಬಾಯಿಯನ್ನು ಪ್ರತಿ ಸಲ ತೊಳೆಯಬೇಕು, ತಾನು ಬೇಸರ ಬರಿಸಬಾರದು. ನಂಜಿಕೊಳ್ಳುವ ಪದಾರ್ಥದ ಲಕ್ಷಣವೂ ಇದೇ ಅಲ್ಲವೆ?

ಷ್ನಿಟ್ಸೆಲನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಎಳೆಗರುವಿನ ಮಾಂಸವನ್ನು ತೆಳ್ಳಗೆ ಬಡಿದು, ಹಿಟ್ಟು, ಮೊಟ್ಟೆ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ, ತುಪ್ಪದಲ್ಲೋ ಹಂದಿಯ ಕೊಬ್ಬಿನಲ್ಲೋ ಕರಿಯುತ್ತಾರೆ. ಜೊತೆಗೆ ಸಾಸ್ ಇರುವುದಿಲ್ಲ, ಇರುವುದು ಒಂದು ನಿಂಬೆಹೋಳು. ಈ ನಿಂಬೆಹೋಳು ನನ್ನ ವಾದದ ಮುಖ್ಯ ಸಾಕ್ಷಿ. ಕರಿದ ಮೀನಿನ ಮೇಲೆ ನಿಂಬೆ ಹಿಂಡಿದಾಗ ಆಗುವುದೇ ಇಲ್ಲೂ ಆಗುತ್ತದೆ. ಹುಳಿ ತಗುಲಿದೊಡನೆ ಜೊಲ್ಲು ಸುರಿಯುತ್ತದೆ, ನಾಲಗೆಗೆ ಅಂಟಿದ ಜಿಡ್ಡು ಸಡಿಲವಾಗುತ್ತದೆ, ಮುಂದಿನ ತುತ್ತು ಮೊದಲ ತುತ್ತಿನಷ್ಟೇ ರುಚಿಸುತ್ತದೆ. ಗ್ರೂನರ್ ಈ ಕೆಲಸವನ್ನು ನಿಂಬೆಯೊಂದಿಗೆ ಹಂಚಿಕೊಳ್ಳುತ್ತದೆ. ತಟ್ಟೆಯಲ್ಲಿರುವ ಹುಳಿಗಿಂತ ಬಟ್ಟಲಿನಲ್ಲಿರುವ ಹುಳಿ ಕಡಿಮೆಯಾದರೆ ವೈನ್ ಸಪ್ಪೆಯೆನಿಸುತ್ತದೆ. ನಿಂಬೆ, ವಿನೆಗರ್ ಯಥೇಚ್ಛವಾಗಿರುವ ವಿಯೆನ್ನಾದ ಊಟದಲ್ಲಿ ಮೆತ್ತಗಿನ, ಕಡಿಮೆ ಹುಳಿಯ ವೈನ್ ನಿಲ್ಲಲಾರದು. ಉಪ್ಪಿನ ಪಾತ್ರವನ್ನೂ ಮರೆಯಬಾರದು: ಉಪ್ಪು ಕಹಿಯನ್ನು ತಗ್ಗಿಸುತ್ತದೆ ಎಂಬುದು ಪ್ರಯೋಗಗಳಿಂದ ಸ್ಥಿರಪಟ್ಟ ಸಂಗತಿ. ಬರಿ ಬಾಯಲ್ಲಿ ಕುಡಿದಾಗ ಗ್ರೂನರಿನ ತುಸು ಕಹಿ ಬೆರೆತ ಒಗರು ಕೆಲವರಿಗೆ ಒರಟೆನಿಸುತ್ತದೆ. ಉಪ್ಪಿರುವ ತುತ್ತಿನ ನಂತರ ಅದೇ ಒಗರು ಹಿತವಾದ ಹಿಡಿತವಾಗುತ್ತದೆ. ತಯಾರಿಕೆಯ ಕ್ರಮವೂ ಇದಕ್ಕೆ ಪೂರಕ. ಸಾಮಾನ್ಯ ಗ್ರೂನರನ್ನು ಸ್ಟೇನ್‌ಲೆಸ್ ಉಕ್ಕಿನ ತೊಟ್ಟಿಯಲ್ಲೋ, ಪರಿಮಳವೆಲ್ಲ ಬಿಟ್ಟು ಹಳತಾದ ದೊಡ್ಡ ಮರದ ಪೀಪಾಯಿಯಲ್ಲೋ ಹುದುಗಿಸುತ್ತಾರೆ; ಹೊಸ ಓಕ್ ಮರದ ವೆನಿಲ್ಲಾ ವಾಸನೆ ಅದಕ್ಕೆ ಹತ್ತುವುದಿಲ್ಲ.

ಇನ್ನು ಮೆಣಸಿನ ಮಾತು. ಇದರ ಹಿಂದಿನ ರಸಾಯನಶಾಸ್ತ್ರ ಕನ್ನಡ ಓದುಗರಿಗೆ ಎರಡು ಕಡೆಯಿಂದ ಹತ್ತಿರದ್ದು. ಕೆಲವು ಕೆಂಪು ವೈನುಗಳಲ್ಲಿ ಕಾಳುಮೆಣಸಿನ ಘಮ ಬರುವುದೇಕೆಂದು ಹುಡುಕುತ್ತಿದ್ದ ಆಸ್ಟ್ರೇಲಿಯಾದ ವೈನ್ ಸಂಶೋಧನಾ ಸಂಸ್ಥೆ 2008ರಲ್ಲಿ ಅದಕ್ಕೆ ಕಾರಣವಾದ ವಸ್ತುವನ್ನು ಪ್ರಕಟಿಸಿತು: ರೊಟಂಡೋನ್. ಕೊಡಗು, ಮಲೆನಾಡಿನ ತೋಟಗಳಲ್ಲಿ ಬೆಳೆಯುವ ಮೆಣಸಿನಲ್ಲಿರುವುದೂ ಅದೇ, ವೈನಿನಲ್ಲಿರುವುದಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ಆ ವಸ್ತುವಿಗೆ ಹೆಸರು ಬಂದದ್ದಾದರೂ ಮೆಣಸಿನಿಂದಲ್ಲ. ಸೈಪೆರಸ್ ರೊಟಂಡಸ್ ಎಂಬ ಕಳೆಗಿಡದಿಂದ. ನಮ್ಮ ಗದ್ದೆಗಳಲ್ಲಿ ರೈತರು ಶಪಿಸುತ್ತಾ ಕೀಳುವ, ನಾಟಿ ವೈದ್ಯರು ಒಣಗಿಸಿಟ್ಟುಕೊಳ್ಳುವ ಕೊನ್ನಾರಿ ಗೆಡ್ಡೆಯೇ ಅದು. 2011ರಲ್ಲಿ ಇಟಲಿಯ ಸಂಶೋಧಕರು ಗ್ರೂನರಿನಲ್ಲೂ ಈ ವಸ್ತುವನ್ನು ಅಳೆದರು. ಅದರ ಬಲ ಎಷ್ಟೆಂದರೆ, ಒಂದು ಲೀಟರು ನೀರಿನಲ್ಲಿ ಗ್ರಾಮಿನ ನೂರು ಕೋಟಿಯಲ್ಲಿ ಎಂಟು ಭಾಗದಷ್ಟಿದ್ದರೂ ಸಾಮಾನ್ಯ ಮೂಗಿಗೆ ಗೊತ್ತಾಗುತ್ತದೆ. ಆದರೆ ಅದೇ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಇನ್ನೊಂದು ವಿಷಯ ಹೊರಬಿತ್ತು. ಪರೀಕ್ಷೆಗೆ ಕುಳಿತವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ, ಎಷ್ಟೋ ಪಟ್ಟು ಹೆಚ್ಚು ಪ್ರಮಾಣದಲ್ಲಿ ಕೊಟ್ಟರೂ ಅದರ ವಾಸನೆಯೇ ತಿಳಿಯಲಿಲ್ಲ. ಇದು ಮೂಗಿನಿಂದ ಮೂಗಿಗೆ ಇರುವ ವ್ಯತ್ಯಾಸ.

ಈ ಸಂಗತಿಯನ್ನು ಊಟದ ಮೇಜಿಗೆ ತಂದು ಯೋಚಿಸಬೇಕು. ಗ್ರೂನರಿನ ಹೊಂದಾಣಿಕೆ ಮೆಣಸಿನ ಘಮದಿಂದಲೇ ಬರುವುದಾದರೆ, ಐವರಲ್ಲಿ ಒಬ್ಬರಿಗೆ ಅದು ಯಾವ ಅಡುಗೆಗೂ ಹೊಂದಬಾರದು. ಹಾಗೆಂದು ಯಾರೂ ದೂರುವುದಿಲ್ಲ. ಬಿಸಿಲು ಹೆಚ್ಚಿದ ವರ್ಷಗಳಲ್ಲಿ, ಬೆಚ್ಚನೆಯ ತೋಟಗಳಲ್ಲಿ ರೊಟಂಡೋನ್ ಇಳಿಯುತ್ತದೆ. ಆ ಬಾಟಲಿಗಳಲ್ಲಿ ಮೆಣಸು ಹುಡುಕಿದರೂ ಸಿಗದು, ಆದರೂ ಷ್ನಿಟ್ಸೆಲ್ ಜೊತೆ ಅವು ಸೋಲುವುದಿಲ್ಲ. ಮತ್ತೊಂದು ಸೂಕ್ಷ್ಮವೂ ಇದೆ. ಕಾಳುಮೆಣಸಿನ ಖಾರ ಪೈಪರೀನ್‌ನಿಂದ ಬರುವುದು, ರೊಟಂಡೋನ್‌ನಿಂದಲ್ಲ. ವೈನಿನಲ್ಲಿರುವುದು ಘಮ ಮಾತ್ರ. ಮೆಣಸಿನ ಸಾರು ಗಂಟಲಿಗೆ ಕೊಡುವ ಬಿಸಿ ಅದರಲ್ಲಿಲ್ಲ. ಘಮಕ್ಕೆ ಘಮ ಸೇರಿದಾಗ ಒಂದು ಸಂತೋಷ ಸಿಗುತ್ತದೆ, ನಿಜ. ಅದು ರಾಗಕ್ಕೆ ಬೆರೆತ ಅನುಸ್ವರದಂತೆ, ಶ್ರುತಿಯಲ್ಲ. ವೈನ್‌ಫಿರ್ಟೆಲ್ ಪ್ರದೇಶ 2002ರ ಸುಗ್ಗಿಯಿಂದ ಆಸ್ಟ್ರಿಯಾದ ಮೊಟ್ಟಮೊದಲ ಡಿಎಸಿ, ಅಂದರೆ ಊರಿನ ಗುಣವನ್ನು ಕಾನೂನಿನಲ್ಲಿ ನಿಗದಿಪಡಿಸಿದ ಮೊಹರು ಪಡೆದಾಗ, ಮೆಣಸಿನ ಘಮದ ಗ್ರೂನರನ್ನೇ ತನ್ನ ಗುರುತಾಗಿ ಆರಿಸಿಕೊಂಡಿತು. ಮಾರುಕಟ್ಟೆಗೆ ಅದು ಜಾಣತನದ ಆಯ್ಕೆ. ಒಂದೇ ಪದದಲ್ಲಿ ನೆನಪಿಡಬಹುದಾದ ಗುರುತು. ಆದರೆ ಗುರುತನ್ನೇ ಗುಣವೆಂದು ತಿಳಿದರೆ ಅಡುಗೆಯ ಆಯ್ಕೆ ತಪ್ಪುತ್ತದೆ.

ತರಕಾರಿಗಳ ಮುಂದೆ ಈ ವೈನಿನ ನಿಜವಾದ ಪರೀಕ್ಷೆ ನಡೆಯುತ್ತದೆ. ಯೂರೋಪಿನ ವೈನ್ ಬಲ್ಲವರು ಎರಡು ತರಕಾರಿಗಳಿಗೆ ಹೆದರುತ್ತಾರೆ: ಆಸ್ಪರಾಗಸ್ ಮತ್ತು ಆರ್ಟಿಚೋಕ್. ಆಸ್ಪರಾಗಸ್ ನಮ್ಮ ಶತಾವರಿಯ ಕುಲದ್ದೇ. ಅದರ ಎಳೆ ಮೊಳಕೆಯನ್ನು ತಿನ್ನುತ್ತಾರೆ. ಬೇಯಿಸಿದಾಗ ಅದರಿಂದ ಗಂಧಕದ ಸಂಯುಕ್ತಗಳು ಏಳುತ್ತವೆ. ಟ್ಯಾನಿನ್ ತುಂಬಿದ ಕೆಂಪು ವೈನ್, ಓಕ್ ವಾಸನೆಯ ಬಿಳಿ ವೈನ್ ಎರಡೂ ಅದರ ಜೊತೆ ಲೋಹ ನೆಕ್ಕಿದಂತೆ ರುಚಿಗೆಡುತ್ತವೆ. ಆರ್ಟಿಚೋಕ್ ತಿಂದ ಮೇಲೆ ಬರಿ ನೀರೂ ಸಿಹಿಯಾಗುತ್ತದೆಂದು ಲಿಂಡಾ ಬಾರ್ಟೊಷುಕ್ ಮತ್ತು ಸಂಗಡಿಗರು 1972ರಲ್ಲೇ ತೋರಿಸಿದ್ದರು; ನೆಲ್ಲಿಕಾಯಿ ತಿಂದು ನೀರು ಕುಡಿದ ಯಾರಿಗೂ ಆ ಅನುಭವವನ್ನು ವಿವರಿಸಬೇಕಿಲ್ಲ. ವಿಯೆನ್ನಾದ ಪೂರ್ವಕ್ಕಿರುವ ಮಾರ್ಖ್‌ಫೆಲ್ಡ್ ಬಯಲು ಬಿಳಿ ಆಸ್ಪರಾಗಸ್‌ಗೆ ಪ್ರಸಿದ್ಧ. ಏಪ್ರಿಲಿನಿಂದ ಜೂನ್ 24ರ ಸಂತ ಯೋಹಾನರ ಹಬ್ಬದವರೆಗೆ ಅದರ ಸುಗ್ಗಿ. ಕರಗಿಸಿದ ಬೆಣ್ಣೆಯಲ್ಲಿ ಹುರಿದ ಬ್ರೆಡ್ಡಿನ ಪುಡಿ ಉದುರಿಸಿಯೋ, ಮೊಟ್ಟೆ ಬೆಣ್ಣೆಗಳ ಹಾಲಂಡೇಸ್ ಸಾಸ್ ಸುರಿದೋ ಬಡಿಸುತ್ತಾರೆ. ಹಿಂದಿನ ಶರತ್ಕಾಲದ ಗ್ರೂನರ್ ಬಾಟಲಿಗೆ ಇಳಿದು ಹದಕ್ಕೆ ಬಂದಿರುವ ಸಮಯವೂ ಅದೇ. ಇಲ್ಲಿ ಅದು ಗೆಲ್ಲುವುದು ಇಲ್ಲದಿರುವ ಗುಣಗಳಿಂದ: ಕೆಡಲು ಟ್ಯಾನಿನ್ ಹೆಚ್ಚಿಲ್ಲ, ಜಗಳವಾಡಲು ಓಕ್ ಇಲ್ಲ, ಇನ್ನಷ್ಟು ಸಿಹಿಯಾಗಲು ಸಕ್ಕರೆಯಿಲ್ಲ. ಇರುವ ಹುಳಿ ಬೆಣ್ಣೆಯನ್ನು ಕತ್ತರಿಸುತ್ತದೆ, ಇರುವ ಹಸಿರು ವಾಸನೆ ತರಕಾರಿಗೆ ನೆಂಟನಾಗುತ್ತದೆ.

ಟಾಫೆಲ್‌ಷ್ಪಿಟ್ಸ್ ಇನ್ನೊಂದು ಬಗೆಯ ಪರೀಕ್ಷೆ. ಮಾಂಸ ಸೌಮ್ಯವಾದದ್ದು, ಸಾರಿನಲ್ಲಿ ನಿಧಾನವಾಗಿ ಬೆಂದದ್ದು. ಆದರೆ ಅದರ ಜೊತೆ ಬರುವುದು ತುರಿದ ಕ್ರೆನ್, ಮೂಗಿಗೆ ನೇರವಾಗಿ ಏರಿ ಕಣ್ಣಲ್ಲಿ ನೀರು ತರಿಸುವ ಘಾಟಿನ ಬೇರು. ಅದರ ಘಾಟು ಐಸೋಥಯೋಸಯನೇಟ್ ಎಂಬ ವಸ್ತುವಿನದು. ಹಸಿಯಾಗಿ ಅರೆದ ಸಾಸಿವೆಯಲ್ಲೂ ಜಪಾನಿನ ವಸಾಬಿಯಲ್ಲೂ ಇರುವುದು ಅದೇ. 1990ರ ದಶಕದಲ್ಲಿ ಟೆರ್ರಿ ಥೈಸ್ ಮೊದಲಾದ ಆಮದುದಾರರು ಈ ವೈನನ್ನು ಅಮೆರಿಕಕ್ಕೆ ಪರಿಚಯಿಸಿದ ಮೇಲೆ ಅದು ಜಪಾನಿ, ವಿಯೆಟ್ನಾಮಿ ಊಟದ ಮೇಜುಗಳಲ್ಲಿ ಅಷ್ಟು ಬೇಗ ಸ್ಥಳ ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ಕ್ರೆನ್ ಜೊತೆ ಬಾಳಿದ್ದು ವಸಾಬಿ ಜೊತೆ ಬಾಳಬಲ್ಲದು, ಸೊಪ್ಪು ಮತ್ತು ವಿನೆಗರ್ ಜೊತೆ ಬಾಳಿದ್ದು ಪುದೀನ ಮತ್ತು ಲಿಂಬೆ ಜೊತೆಗೂ.

ಇಲ್ಲೊಂದು ಗಟ್ಟಿಯಾದ ಆಕ್ಷೇಪವಿದೆ. ಹುಳಿ, ಓಕಿನ ಅಭಾವ, ಕಡಿಮೆ ಸಕ್ಕರೆ ಇವೇ ಕಾರಣವಾದರೆ ಫ್ರಾನ್ಸಿನ ಮಸ್ಕಡೆ, ಸ್ಪೇನಿನ ಆಲ್ಬರೀನ್ಯೊ, ಎಲ್ಲೆಡೆ ಸಿಗುವ ಸೊವಿನ್ಯೋ ಬ್ಲಾಂ ಕೂಡ ಇದನ್ನೇ ಮಾಡಬಲ್ಲವಲ್ಲ, ಗ್ರೂನರಿಗೇಕೆ ವಿಶೇಷ ಮನ್ನಣೆ? ಆಕ್ಷೇಪದ ಅರ್ಧ ಒಪ್ಪತಕ್ಕದ್ದು. ಕರಿದ ತಿನಿಸಿನ ಜೊತೆ ಅವೆಲ್ಲವೂ ಚೆನ್ನಾಗಿಯೇ ಇರುತ್ತವೆ. ಮೀನಿನ ವಿಷಯದಲ್ಲೂ ಹಾಗೆಯೇ: ವೈನಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದಾಗ ಮೀನಿನ ನಂತರ ಕಮಟು ವಾಸನೆ ಉಳಿಯುತ್ತದೆಂದು ಜಪಾನಿನ ಸಂಶೋಧಕರು 2009ರಲ್ಲಿ ತೋರಿಸಿದರು, ಬಿಳಿ ವೈನುಗಳಲ್ಲಿ ಸಾಮಾನ್ಯವಾಗಿ ಕಬ್ಬಿಣ ಕಡಿಮೆ ಇರುವುದರಿಂದ ಆ ಲಾಭ ಗ್ರೂನರಿಗೆ ಮಾತ್ರ ಸೇರಿದ್ದಲ್ಲ. ಆದರೆ ಉಳಿದರ್ಧವನ್ನು ಒಪ್ಪಲಾಗದು. ಅದೇ ಡ್ಯಾನ್ಯೂಬ್ ಇಳಿಜಾರಿನಲ್ಲಿ ಬೆಳೆಯುವ ರೀಸ್ಲಿಂಗ್ ಹುಳಿಯಲ್ಲಿ ಗ್ರೂನರಿಗಿಂತ ಒಂದು ಕೈ ಮೇಲು. ಹುಳಿಯೊಂದೇ ಸಾಕಾಗಿದ್ದರೆ ಆಸ್ಪರಾಗಸ್ ತಟ್ಟೆಯ ಪಕ್ಕ ಆಸ್ಟ್ರಿಯನ್ನರು ರೀಸ್ಲಿಂಗನ್ನೇ ಇಡುತ್ತಿದ್ದರು. ರೀಸ್ಲಿಂಗಿನ ಹೂವು ಹಣ್ಣುಗಳ ಪರಿಮಳ ಬಲವಾದದ್ದು, ಅದು ಗಮನವನ್ನು ತನ್ನೆಡೆಗೆ ಸೆಳೆಯುತ್ತದೆ. ಸೊವಿನ್ಯೋ ಬ್ಲಾಂನಲ್ಲಿ ದೊಣ್ಣೆಮೆಣಸಿನಕಾಯಿಯಂಥ ಹಸಿರು ವಾಸನೆ ಜೋರಾಗಿದ್ದು ಹಸಿರು ತರಕಾರಿಯ ಮೇಲೆ ಮತ್ತಷ್ಟು ಹಸಿರು ಹೇರುತ್ತದೆ. ಮಸ್ಕಡೆಗೆ ಸಂಯಮವಿದೆ, ಆದರೆ ಹಂದಿ ಹುರಿದದ್ದನ್ನು ತಡೆದು ನಿಲ್ಲುವ ಮೈಕಟ್ಟಿಲ್ಲ. ಗ್ರೂನರಿನ ಸಿಪ್ಪೆಯಿಂದ ಬರುವ ಒಗರು ಅದಕ್ಕೆ ಆ ಮೈಕಟ್ಟನ್ನು ಕೊಡುತ್ತದೆ. ಈ ಗುಣಗಳಲ್ಲಿ ಒಂದೊಂದೂ ಬೇರೆಡೆ ಸಿಗುತ್ತದೆ, ಇದೇ ಪ್ರಮಾಣದಲ್ಲಿ ಒಟ್ಟಾಗಿ ಸಿಗುವುದು ವಿರಳ.

ಗ್ರೂನರ್ ಎಂದರೆ ಒಂದೇ ಬಗೆಯ ವೈನ್ ಎಂದುಕೊಂಡರೆ ಮೇಲಿನ ಮಾತುಗಳೆಲ್ಲ ದಾರಿ ತಪ್ಪಿಸುತ್ತವೆ. ವಾಖಾವ್ ಬೆಳೆಗಾರರ ಸಂಘ ವಿನೇಯಾ ವಾಖಾವ್ 1983ರಲ್ಲಿ ಹುಟ್ಟಿತು. ಅದು ರೂಢಿಗೆ ತಂದ ಮೂರು ದರ್ಜೆಗಳಿವೆ. ಶೇ. 11.5 ಮೀರದ ಹಗುರ ವೈನಿಗೆ ಕಲ್ಲುಮೆಟ್ಟಿಲುಗಳ ನಡುವೆ ಬೆಳೆಯುವ ಗರಿಯಂಥ ಹುಲ್ಲಿನ ಹೆಸರು, ಷ್ಟೈನ್‌ಫೆಡರ್. ಶೇ. 12.5ರವರೆಗಿನದಕ್ಕೆ ಗಿಡುಗದ ಬೇಟೆಯಿಂದ ಬಂದ ಹೆಸರು, ಫೆಡರ್‌ಷ್ಪೀಲ್. ಅದಕ್ಕೂ ಮೇಲಿನ, ತಡವಾಗಿ ಕೊಯ್ದ ದಟ್ಟ ವೈನಿಗೆ ಬಿಸಿಲಿಗೆ ಮೈಕಾಯಿಸುವ ಪಚ್ಚೆ ಹಲ್ಲಿಯ ಹೆಸರು, ಸ್ಮರಾಗ್ಡ್. 1985ರ ಕಹಿ ಪ್ರಸಂಗ ಈ ಪ್ರಯತ್ನಗಳಿಗೆ ತುರ್ತು ತಂದಿತು. ಕೆಲವು ವ್ಯಾಪಾರಿಗಳು ವೈನಿಗೆ ಮೈ ಬರಲೆಂದು ಡೈಎಥಿಲೀನ್ ಗ್ಲೈಕಾಲ್ ಬೆರೆಸಿದ್ದು ಪತ್ತೆಯಾಗಿ, ಆಸ್ಟ್ರಿಯಾದ ರಫ್ತು ಒಮ್ಮೆಗೇ ಕುಸಿಯಿತು. ನಂತರ ಬಂದ ಕಾನೂನು ಯೂರೋಪಿನ ಅತಿ ಕಟ್ಟುನಿಟ್ಟಿನವುಗಳಲ್ಲಿ ಒಂದು. ಅಗ್ಗದ ಸಿಹಿ ವೈನಿನಿಂದ ಮುಖ ತಿರುಗಿಸಿ ಶುಭ್ರವಾದ, ಸಿಹಿಯಿಲ್ಲದ ವೈನಿನ ಕಡೆ ಇಡೀ ದೇಶ ಹೊರಳಿತು. 2002ರಲ್ಲಿ ಲಂಡನ್ನಿನಲ್ಲಿ ಜಾನ್ಸಿಸ್ ರಾಬಿನ್‌ಸನ್ ಮತ್ತು ಟಿಮ್ ಆಟ್ಕಿನ್ ನಡೆಸಿದ, ಹೆಸರು ಮರೆಮಾಡಿದ ರುಚಿಪರೀಕ್ಷೆಯಲ್ಲಿ ದೊಡ್ಡ ಗ್ರೂನರುಗಳು ಬರ್ಗಂಡಿಯ ಹೆಸರಾಂತ ಬಿಳಿ ವೈನುಗಳನ್ನು ಹಿಂದಿಕ್ಕಿ ಮೊದಲ ಸ್ಥಾನಗಳನ್ನು ಪಡೆದವು. ಈ ಗೆಲುವು ತಳಿಗೆ ಘನತೆ ತಂದಿತು. ಆದರೆ ಅಲ್ಲಿ ತಟ್ಟೆಯಿರಲಿಲ್ಲ, ಊಟವಿರಲಿಲ್ಲ ಎಂಬುದನ್ನು ನೆನಪಿಡಬೇಕು. ವರ್ಷಗಟ್ಟಲೆ ಮಾಗಿದ ಸ್ಮರಾಗ್ಡ್ ನಂಜಿಕೊಳ್ಳುವ ವಸ್ತುವಲ್ಲ. ಅದೇ ಒಂದು ಮೃಷ್ಟಾನ್ನ. ಅದಕ್ಕೆ ನವೆಂಬರಿನಲ್ಲಿ ಸಂತ ಮಾರ್ಟಿನ್ ಹಬ್ಬಕ್ಕೆ ಹುರಿಯುವ ಹೆಬ್ಬಾತು, ಕೆನೆ ಹಾಕಿದ ಅಣಬೆ, ಬೆಣ್ಣೆಯಲ್ಲಿ ಬೆಂದ ದೊಡ್ಡ ಮೀನು ಬೇಕು. ಷ್ನಿಟ್ಸೆಲ್ ಅದರ ಭಾರಕ್ಕೆ ಸೊರಗುತ್ತದೆ. ಅಂಗಡಿಯಲ್ಲಿ ಬಾಟಲಿ ಆರಿಸುವಾಗ ತಳಿಯ ಹೆಸರಿಗಿಂತ ಮದ್ಯಸಾರದ ಅಂಕಿ ನೋಡುವುದು ಹೆಚ್ಚು ಉಪಯುಕ್ತ. ಹಗುರದ್ದನ್ನು 8ರಿಂದ 10 ಡಿಗ್ರಿಯಷ್ಟು ತಣ್ಣಗೆ, ದಟ್ಟವಾದದ್ದನ್ನು ಅದಕ್ಕಿಂತ ತುಸು ಬೆಚ್ಚಗೆ ಬಡಿಸುವುದು ರೂಢಿ.

ಗ್ರೂನರ್ ಖಾರದ ಅಡುಗೆಗೆಲ್ಲ ಹೊಂದುತ್ತದೆ ಎಂಬ ಸಲಹೆಯನ್ನು ಇದೇ ದೃಷ್ಟಿಯಿಂದ ತೂಗಿ ನೋಡಬೇಕು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಾಯಲ್ಲಿ ಶಾಖವನ್ನು ಅಳೆಯುವ ಗ್ರಾಹಕವನ್ನೇ ಕೆರಳಿಸುತ್ತದೆ. ಮದ್ಯಸಾರವೂ ಅದೇ ಗ್ರಾಹಕವನ್ನು ಹೆಚ್ಚು ಸೂಕ್ಷ್ಮಗೊಳಿಸುತ್ತದೆಂದು 2002ರ ಒಂದು ಸಂಶೋಧನೆ ತೋರಿಸಿದೆ: ಸಾಮಾನ್ಯವಾಗಿ 42 ಡಿಗ್ರಿಯ ಹತ್ತಿರ ಎಚ್ಚರಗೊಳ್ಳುವ ಅದು ಮದ್ಯಸಾರ ತಗುಲಿದಾಗ 34 ಡಿಗ್ರಿಯ ಸುಮಾರಿಗೇ ಉರಿಯ ಸಂದೇಶ ಕಳಿಸುತ್ತದೆ. ಹೀಗಾಗಿ ಉರಿಖಾರದ ಊಟಕ್ಕೆ ಶೇ. 14ರ ಸ್ಮರಾಗ್ಡ್ ಬೆಂಕಿಗೆ ತುಪ್ಪ; ಶೇ. 11.5ರದ್ದು ಸಹಿಸಿಕೊಳ್ಳಬಲ್ಲದು, ತಂಪು ಮಾಡಲಾರದು. ತಂಪು ಮಾಡಲು ಸ್ವಲ್ಪ ಸಿಹಿ ಬೇಕು, ಗ್ರೂನರಿನಲ್ಲಿ ಅದಿಲ್ಲ. ಕನ್ನಡನಾಡಿನ ಅಡುಗೆಯಲ್ಲಿ ಈ ತರ್ಕಕ್ಕೆ ಒಳ್ಳೆಯ ಒರೆಗಲ್ಲು ಕೊಡಗಿನ ಪಂದಿ ಕರಿ. ಕಾಳುಮೆಣಸಿದೆ, ಹಂದಿಯ ನೆಣವಿದೆ. ಮೆಣಸಿಗೆ ಮೆಣಸು ಎಂದು ಹೊರಟರೆ ಗ್ರೂನರಿಗಿಂತ ಒಳ್ಳೆಯ ಜೊತೆಯಿಲ್ಲ. ಆದರೆ ಆ ಅಡುಗೆಯ ಜೀವ ಕಾಚಂಪುಳಿ, ಕಪ್ಪಗೆ ಕುದಿಸಿ ಇಳಿಸಿದ ಗಾಢ ಹುಳಿ. ನಂಜಿಕೊಳ್ಳಬೇಕಾದದ್ದು ಅಡುಗೆಯ ಒಳಗೇ ಬೆರೆತಿರುವಾಗ ಹಗುರ ಗ್ರೂನರಿಗೆ ಮಾಡಲು ಕೆಲಸ ಉಳಿಯುವುದಿಲ್ಲ, ಅದು ಆ ಹುಳಿಯ ಮುಂದೆ ನೀರಾಗುತ್ತದೆ ಎಂದೇ ನನ್ನ ಎಣಿಕೆ. ಕರಾವಳಿಯ ರವೆ ಹಚ್ಚಿ ಕರಿದ ಕಾಣೆ ಮೀನು, ಸೊಪ್ಪು ತರಕಾರಿಗಳ ತೆಂಗಿನಕಾಯಿ ಪಲ್ಯ, ಸೌತೆಯ ಹಸಿ ಸಾಸಿವೆ ಮುಂತಾದುವು ಹಾಯ್ರಿಗರ್ ಊಟಕ್ಕೆ ರಚನೆಯಲ್ಲಿ ಹೆಚ್ಚು ಹತ್ತಿರದವು. ಅಲ್ಲಿ ಜಿಡ್ಡು, ಘಾಟು, ಹಸಿರು ಇದ್ದು ಹುಳಿಗೆ ಜಾಗ ಖಾಲಿ ಇದೆ.

ರುಚಿ ಅವರವರ ನಾಲಗೆಗೆ ಬಿಟ್ಟದ್ದು, ಇಂಥ ಹೊಂದಾಣಿಕೆಗೆ ನಿಯಮ ಹೇಳುವುದೇ ವ್ಯರ್ಥ ಎನ್ನುವವರೂ ಇದ್ದಾರೆ. ಮೆಚ್ಚುಗೆ ವೈಯಕ್ತಿಕ, ಸಂದೇಹವಿಲ್ಲ. ಆದರೆ ಹುಳಿಗೆ ಜೊಲ್ಲು ಸುರಿಯುವುದು, ಉಪ್ಪಿಗೆ ಕಹಿ ತಗ್ಗುವುದು, ಮದ್ಯಸಾರಕ್ಕೆ ಉರಿ ಹೆಚ್ಚುವುದು ಮೆಚ್ಚುಗೆಯ ಪ್ರಶ್ನೆಗಳಲ್ಲ. ಅವು ದೇಹದ ವರ್ತನೆಗಳು. ಉಪ್ಪಿನಕಾಯಿ ಬೇಡವೆನ್ನುವ ಹಕ್ಕು ಎಲ್ಲರಿಗೂ ಇದೆ, ಮೊಸರನ್ನಕ್ಕೆ ಅದೇನು ಮಾಡುತ್ತದೆಂಬುದು ಮಾತ್ರ ಆ ಹಕ್ಕಿನಿಂದ ಬದಲಾಗದು.

ಬದಲಾಗುತ್ತಿರುವುದು ಹವೆ. ಕೆಳ ಆಸ್ಟ್ರಿಯಾದಲ್ಲಿ ಬೇಸಿಗೆಗಳು ಬಿಸಿಯಾಗಿವೆ, ಕೊಯ್ಲು ಹಿಂದಿಗಿಂತ ಬೇಗ ಬರುತ್ತಿದೆ, ಹಣ್ಣಿನಲ್ಲಿ ಸಕ್ಕರೆ ಏರಿ ಹುಳಿ ಇಳಿಯುತ್ತಿದೆ. ಒಂದು ಕಾಲದಲ್ಲಿ ಸ್ಮರಾಗ್ಡ್ ಮಾಡುವಷ್ಟು ಮಾಗಿದ ಹಣ್ಣು ಸಿಗುವುದು ಅದೃಷ್ಟವಾಗಿತ್ತು. ಈಗ ಕಷ್ಟವಾಗಿರುವುದು ಷ್ಟೈನ್‌ಫೆಡರ್ ಮಾಡುವುದು, ಏಕೆಂದರೆ ಶೇ. 11.5ರ ಒಳಗೆ ನಿಲ್ಲುವ ಹಣ್ಣಿನಲ್ಲಿ ರುಚಿ ಇನ್ನೂ ಕೂಡಿಬಂದಿರುವುದಿಲ್ಲ. ಬೆಳೆಗಾರರು ಗೊಂಚಲಿನ ಮೇಲೆ ನೆರಳಿಗೆಂದು ಎಲೆ ಉಳಿಸುತ್ತಾರೆ, ಬೆಳಗಿನ ತಂಪಿನಲ್ಲಿ ಕೊಯ್ಯುತ್ತಾರೆ, ಹಿಂದೆ ಚಳಿಗೆ ಹೆದರಿ ಬಿಟ್ಟಿದ್ದ ಎತ್ತರದ ತುಣುಕುಗಳತ್ತ, ಕಾಡಿನಿಂದ ಗಾಳಿ ಇಳಿಯುವ ಪಕ್ಕದ ಕಣಿವೆಗಳತ್ತ ಕಣ್ಣು ಹಾಯಿಸುತ್ತಿದ್ದಾರೆ. ವಾಖಾವಿನ ಒಳ ತುದಿಯಲ್ಲಿರುವ ಷ್ಪಿಟ್ಸರ್ ಗ್ರಾಬೆನ್ ಎಂಬ ತಣ್ಣನೆಯ ಕಂದರದ ಹುಳಿ ಹೆಚ್ಚಿದ, ಹಗುರವಾದ ಗ್ರೂನರುಗಳಿಗೆ ಈಗ ಬೇಡಿಕೆ ಏರಿದೆ. ಮೊದಲು ಅಲ್ಲಿ ಹಣ್ಣು ಸರಿಯಾಗಿ ಮಾಗುವುದಿಲ್ಲವೆಂದು ಜನ ಕಡೆಗಣಿಸಿದ್ದರು.